ಅಂಚು ಸವೆದ ಟಾಯರು

ತ್ರ್ಯಂಬಕನ ಫಟಫಟಿ ಮೋಟರ್ ಸೈಕಲ್ಲಿನ ಹಿಂದಿನ ಟಾಯರು ಬೋಳಾಗಿತ್ತು. ಬೋಳಾದದ್ದು ದೊಡ್ಡ ಸಂಗತಿಯಲ್ಲ, ಬೋಳಾದ ರೀತಿ ಸರಿ ಇರಲಿಲ್ಲ. ಗೃಹಸ್ಥರ ತಲೆ ನಡುವೆ ಬೋಳಾಗಿ ಸುತ್ತಲೂ ಕೂದಲು ಉಳಿಯುತ್ತದೆ. ಈ ಟಾಯರಿನದು ತಿರುಗುಮುರುಗು. ನಡುವೆ ಗೆರೆಗಳೆಲ್ಲ ಅಚ್ಚೊತ್ತಿದ ಹಾಗೆ ಉಳಿದಿದ್ದವು, ಎಡಬಲದ ಅಂಚುಗಳು ಮಾತ್ರ ಒರಳುಗುಂಡಿನ ಹಾಗೆ ನುಣ್ಣಗಾಗಿದ್ದವು.

ಕಾರಣ ಇಷ್ಟೇ. ಹುಬ್ಬಳ್ಳಿಯ ರೇಲ್ವೆ ಆಫೀಸಿನಲ್ಲಿ ಆರು ದಿನ ನೆಟ್ಟಗೆ ಕೂತು ಗುಮಾಸ್ತಗಿರಿ ಮಾಡುವ ತ್ರ್ಯಂಬಕ, ಏಳನೆಯ ದಿನ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟಕ್ಕೆ ಹೋಗಿ ಡೊಂಕಾಗಿ ಬರುತ್ತಿದ್ದ. ಅಲ್ಲಿ ಅವನಿಗೆ ಬಂಧುಗಳಿರಲಿಲ್ಲ, ಹರಕೆ ಹೊತ್ತ ದೇವರಿರಲಿಲ್ಲ. ಗಾಡಿಯನ್ನು ಒಮ್ಮೆ ಎಡಕ್ಕೆ ಒರಗಿಸಿ ಒಮ್ಮೆ ಬಲಕ್ಕೆ ಒರಗಿಸಿ ಘಟ್ಟ ಇಳಿಯುವುದು, ಕೆಳಗೆ ಒಂದು ಚಹಾ ಕುಡಿಯುವುದು, ಮತ್ತೆ ಅದೇ ತಿರುವುಗಳನ್ನು ಹತ್ತಿ ಬರುವುದು. ಯಾಕಪ್ಪ ಎಂದು ಯಾರಾದರೂ ಕೇಳಿದರೆ ಅವನು ಗಾಡಿಯ ಚೈನಿಗೆ ಎಣ್ಣೆ ಬಿಡತೊಡಗುತ್ತಿದ್ದ. ಸುಖಕ್ಕೆ ಕಾರಣ ಕೇಳುವವರು ಸುಖಪಟ್ಟವರಲ್ಲ ಎಂದು ನಾವೇ ಅವನ ಪರವಾಗಿ ಹೇಳಬೇಕು.

ಅರವತ್ತನಾಲ್ಕನೆಯ ಇಸವಿಯ ಆ ಭಾನುವಾರ ಮಾತ್ರ ತ್ರ್ಯಂಬಕ ಘಟ್ಟಕ್ಕೆ ಹೋಗಿರಲಿಲ್ಲ. ಸಂಜೆ ನಾಲ್ಕಕ್ಕೆ ಧಾರವಾಡದ ಮಾಳಮಡ್ಡಿಯಲ್ಲಿ ಕನ್ಯೆ ನೋಡುವುದಿತ್ತು. ದೇಶಪಾಂಡೆ ನಗರದ ಬಾಡಿಗೆ ಮನೆಯ ಅಂಗಳದಲ್ಲಿ ಕೂತು ಗಾಡಿಯನ್ನು ತಿಕ್ಕುತ್ತಿದ್ದ. ಮನೆಯ ಯಜಮಾನಿ ಅಂಬಾಬಾಯಿ ಅವನಿಗೆ ದೂರದ ಸೋದರತ್ತೆಯೂ ಹೌದು. ಬಾಗಲಕೋಟೆಯಲ್ಲಿರುವ ಅವನ ತಂದೆತಾಯಿ "ನೀವು ಒಪ್ಪಿದರೆ ನಾವು ಒಪ್ಪಿದಂತೆ" ಎಂದು ಕಾಗದ ಬರೆದು ಇಡೀ ವ್ಯವಹಾರವನ್ನು ಆಕೆಯ ಕೈಗೆ ಒಪ್ಪಿಸಿದ್ದರು. ಅಂಬಾಬಾಯಿ ಅಕ್ಕಿ ಆರಿಸುತ್ತ ಕಟ್ಟೆಯ ಮೇಲಿಂದ ಕೇಳಿದಳು.

"ಬರೇ ಪೆಟ್ರೋಲ್ ಟಾಕೀ ತಿಕ್ಕಲಿಕ್ಕೆ ಹತ್ತೀಯಲ್ಲೋ ತ್ರ್ಯಂಬಕ, ಟಾಯರ್ ತೊಳದೀಯೇನು?"

"ಟಾಯರ್ ಯಾರ ನೋಡ್ತಾರ ಅತ್ತಿ?"

"ಹುಡಿಗೀ ಅಪ್ಪ ನೋಡ್ತಾರ. ಅಯ್ಯ, ಅದನ್ನ ಹೇಳೋದ ಮರತಿದ್ದೆ ನೋಡು."

ಹೀಗೆ ಮರೆತದ್ದನ್ನು ಅಂಬಾಬಾಯಿ ವಿವರವಾಗಿ ಹೇಳಿದಳು. ಹುಡುಗಿಯ ತಂದೆ ರಮಾಕಾಂತರಾಯರು ಮೂವತ್ತು ವರ್ಷ ಮೋಟರ್ ಇನ್‌ಸ್ಪೆಕ್ಟರಾಗಿದ್ದು ಈಗ ಪೆನ್ಶನ್ ತಿನ್ನುತ್ತಿರುವವರು. ಜಾತಕದಲ್ಲಿ ಅವರಿಗೆ ನಂಬಿಕೆ ಇಲ್ಲ.

"ಜೋಯಿಸರು ಅಂಗೈ ನೋಡಿದಂಗ ಇವರು ಟಾಯರ್ ನೋಡ್ತಾರಂತ. ಟಾಯರ್ ಸವದದ್ದು ನೋಡಿ ಮನಷ್ಯಾನ ನಡತಿ ಹೇಳಿಬಿಡ್ತಾರಂತ. ಹಂಗ ನೋಡಿ ಇಬ್ಬರನ್ನ ವಾಪಸ್ ಕಳಿಸ್ಯಾರ."

"ಎಂಥವರನ್ನ?"

"ಒಬ್ಬಾಂವ ಬ್ಯಾಂಕಿನಾಂವ. ಪಾಪ, ಮನಿ ಬಿಟ್ರ ಬ್ಯಾಂಕು, ಬ್ಯಾಂಕು ಬಿಟ್ರ ಮನಿ. ಇನ್ನೊಬ್ಬಾಂವ ಸಂಸ್ಕೃತ ಮಾಸ್ತರ. ಇಬ್ಬರೂ ಸ್ಕೂಟರ್ ಮ್ಯಾಲೆ ಬಂದಿದ್ರಂತ. ರಾಯರು ಟಾಯರ್ ನೋಡಿದ್ರಂತ, ಉಪ್ಪಿಟ್ಟು ಕೊಟ್ರಂತ, ನಮಸ್ಕಾರ ಅಂದ್ರಂತ."

ತ್ರ್ಯಂಬಕನ ಕೈಯಲ್ಲಿದ್ದ ಒದ್ದೆ ಅರಿವೆ ಅಲ್ಲೇ ನಿಂತಿತು. ಆ ಹುಡುಗಿ ಸುಲಭಾಳನ್ನು ಅವನು ಮೊದಲೇ ನೋಡಿದ್ದ. ಎರಡು ತಿಂಗಳ ಹಿಂದೆ ಧಾರವಾಡದ ಒಂದು ಮದುವೆಯ ಪಂಕ್ತಿಯಲ್ಲಿ ಆಕೆ ಸೆರಗು ಸಿಕ್ಕಿಸಿಕೊಂಡು ಸಾರು ಬಡಿಸುತ್ತಿದ್ದಳು. ಇವನು ಸಾಕು ಎನ್ನುವ ಬದಲು ಬಾಯಿ ತೆರೆದು ಆಕೆಯನ್ನೇ ನೋಡಿದ್ದರಿಂದ ಎಲೆ ತುಂಬಿ, ನೆಲ ತುಂಬಿ, ಪಕ್ಕದ ಶಾಸ್ತ್ರಿಗಳ ಪಂಚೆ ಒದ್ದೆಯಾಗಿತ್ತು. ಆಗ ಆಕೆ ನಕ್ಕ ನಗು ಇವನ ಎದೆಯಲ್ಲಿ ಕೂತುಬಿಟ್ಟಿತ್ತು. ಮದುವೆಯಾದರೆ ಇವಳನ್ನೇ ಎಂದು ಅಂದೇ ನಿರ್ಧಾರವಾಗಿತ್ತು. ಈಗ ನೋಡಿದರೆ ಅಡ್ಡ ಬಂದದ್ದು ಕುಲವಲ್ಲ, ಗೋತ್ರವಲ್ಲ, ಒಂದು ರಬ್ಬರಿನ ತುಂಡು.

ಟಾಯರ್ ಎಂಬ ಶಬ್ದ ಕೇಳಿದೊಡನೆ ಪಕ್ಕದ ಮನೆಯ ಗುರುಶಿದ್ದಪ್ಪ ಕಂಪೌಂಡಿನ ಗೋಡೆಯ ಮೇಲೆ ಗಲ್ಲ ಊರಿದ. ಗುರುಶಿದ್ದಪ್ಪ ಹತ್ತಿಯ ದಲಾಲಿ. ಹತ್ತಿ ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ಸಲಹೆ ಕೊಡುವುದು ಅವನ ಭಾನುವಾರದ ಉದ್ಯೋಗ.

"ಬಾಯಾರು ಹೇಳೋದು ಖರೇ ಐತ್ರಿ ರಾಯರ. ಎತ್ತಿನ ಲಾಳಾ ನೋಡಿ ಎತ್ತು ಎಂಥಾದ್ದು ಅಂತ ನಾನ ಹೇಳತೇನಿ. ಲಾಳಾ ಒಂದ ಕಡೆ ಸವದಿತ್ತಂದ್ರ ಅದು ನೆಟ್ಟಗ ನಡಿಯೋ ಎತ್ತಲ್ಲ. ಮಂದಿ ಹೊಲಕ್ಕ ಬಾಯಿ ಹಾಕೋ ಎತ್ತು."

ಇಷ್ಟು ಹೇಳಿ ಗೇಟಿನಿಂದ ಒಳಗೆ ಬಂದು ಧೋತರ ಎತ್ತಿ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬಹಳ ಹೊತ್ತು ನೋಡಿದ.

"ಏನ್ರಿ ಇದು, ಎರಡೂ ಕಡೆ ಬಾಯಿ ಹಾಕೇತಲ್ರಿ."

"ಹಂಗಾರ ಆ ಬ್ಯಾಂಕಿನಾಂವನ್ನ ಯಾಕ ಬ್ಯಾಡಂದ್ರು? ಅಂವಾ ನೆಟ್ಟಗ ಹೋಗಾಂವ, ನೆಟ್ಟಗ ಬರಾಂವ," ಎಂದು ತ್ರ್ಯಂಬಕ ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಆ ಪ್ರಶ್ನೆಯನ್ನು ಅವನು ಗಟ್ಟಿಯಾಗಿ ಹಿಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಮ್ಯಾಲೆ ಸಂಪನ್ನ ಕಾಣತಿದ್ದ, ಒಳಗ ಏನ ನಡಸಿದ್ನೋ ಯಾಂವ ಬಲ್ಲ," ಎಂದ ಗುರುಶಿದ್ದಪ್ಪ. "ಹೆಣ್ಣ ಹಡದಾಂವ ನೆಟ್ಟಗಿರೋ ಗಂಡು ಬೇಡತಾನ. ಇದಕ್ಕ ಶಾಸ್ತ್ರ ಕೇಳಬೇಕೇನ್ರಿ?"

ಇದಕ್ಕೆ ಅಂಬಾಬಾಯಿಯೂ ತಲೆಯಾಡಿಸಿದಳು. ಹತ್ತು ಗಂಟೆಯ ಹೊತ್ತಿಗೆ ತ್ರ್ಯಂಬಕ ಗೋಕುಲ ರಸ್ತೆಯ ಕಡೆ ಗಾಡಿ ಓಡಿಸಿದ. ಕರೆಯದಿದ್ದರೂ ಗುರುಶಿದ್ದಪ್ಪ ಹಿಂದೆ ಕೂತಿದ್ದ.

ಗೋಕುಲ ರಸ್ತೆಯ ಅಹಮದಸಾಬ ಹುಬ್ಬಳ್ಳಿಯ ಅರ್ಧ ಗಾಡಿಗಳಿಗೆ ವೈದ್ಯ. ಟಾಯರಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ನಾಡಿ ಹಿಡಿದವರ ಹಾಗೆ ಕಣ್ಣು ಮುಚ್ಚಿದ.

"ಬರೇ ಹುಬ್ಬಳ್ಳಿ ಧಾರವಾಡ ಅಡ್ಡಾಡಿದ್ದರ ಈ ಟಾಯರ್ ಇನ್ನೂ ಆರು ಸಾವಿರ ಮೈಲ್ ಬರತಿತ್ರಿ. ಘಟ್ಟದಾಗ ಹೊಳ್ಳಿಸಿ ಹೊಳ್ಳಿಸಿ ಅಂಚು ತಿಂದು ತೇಗೀರಿ. ಇನ್ನ ಎಂಟನೂರು ಮೈಲ್ ಬಂದ್ರ ನಿಮ್ಮ ಪುಣ್ಯಾ."

"ಹೊಸಾದು ಹಾಕಿಬಿಡೋ ಮಾರಾಯ."

"ಬೊಂಬಾಯಿಗೆ ಬರದು ತಿಂಗಳಾತು, ಇನ್ನೂ ಬಂದಿಲ್ಲ. ಬಂದರೂ ಉಪೇಗಿಲ್ಲ. ಕನ್ಯಾ ನೋಡಾಕ ಹೊಸಾ ಟಾಯರ್ ಹಾಕ್ಕೊಂಡ ಹೋಗೋದು, ಪರೀಕ್ಷಾದಾಗ ಖಾಲಿ ಪೇಪರ್ ಕೊಟ್ಟು ಬಂದಂಗ."

ಗುರುಶಿದ್ದಪ್ಪನಿಗೆ ಉಪಾಯ ಹೊಳೆಯಿತು. ಧಾರವಾಡದ ರಸ್ತೆ ನೆಟ್ಟಗಿದೆ. ಅದರ ಮೇಲೆ ಹೋಗಿ ಬಂದು ಮಾಡಿದರೆ ನಡುವಿನ ಗೆರೆಗಳೂ ಸವೆದು ಎಲ್ಲ ಸಮನಾಗುತ್ತದೆ. ಅಹಮದಸಾಬ ಬೆರಳು ಮಡಚಿ ಲೆಕ್ಕ ಹಾಕಿದ.

"ನಡುವ ಸಪಾಟ ಆಗಬೇಕಂದ್ರ ನಾಕು ಸಾವಿರ ಮೈಲ್ ಬೇಕು. ಧಾರವಾಡಕ್ಕ ಹನ್ನೆರಡ ಮೈಲು. ಹೋಗಿಬರೋದು ಒಂದು ಅಂತ ಹಿಡದ್ರ ನೂರಾ ಅರವತ್ತೇಳ ಸಲ. ಎಷ್ಟಕ್ಕ ಹೋಗಬೇಕ್ರಿ ಮಾಳಮಡ್ಡಿಗೆ?"

"ನಾಕಕ್ಕ," ಎಂದ ತ್ರ್ಯಂಬಕ.

"ಹಂಗಾರ ಸ್ವಲ್ಪ ಜೋರ್ ಹೊಡೀಬೇಕಾಕ್ಕೈತಿ," ಎಂದ ಗುರುಶಿದ್ದಪ್ಪ.

ತ್ರ್ಯಂಬಕ, ಅಹಮದಸಾಬ ಇಬ್ಬರೂ ಮುಂದಿನ ದಾರಿ ಯೋಚಿಸುತ್ತಿದ್ದಾಗ ಗುರುಶಿದ್ದಪ್ಪ ಸುಮ್ಮನೆ ಕೂರಲಿಲ್ಲ. ಸುಮ್ಮನೆ ಕೂರುವುದು ಅವನ ಜಾತಕದಲ್ಲೇ ಇರಲಿಲ್ಲ. ಕಬ್ಬಿಣ ಉಜ್ಜುವ ಒರಟು ಕಾನಸನ್ನು ಅಹಮದಸಾಬನ ಪೆಟ್ಟಿಗೆಯಿಂದ ತೆಗೆದು, ಟಾಯರಿನ ನಡುವನ್ನು ತಾನೇ ಸಪಾಟು ಮಾಡಲು ತೊಡಗಿದ. ಇವರು ತಿರುಗಿ ನೋಡುವುದರೊಳಗೆ ನಡುಮಧ್ಯೆ ಅಂಗೈ ಅಗಲದ ಗೆರೆಗಳು ಕಿತ್ತು ಹೋಗಿ, ನಾಯಿ ಕಚ್ಚಿದ ರೊಟ್ಟಿಯಂಥ ಗಾಯವಾಗಿತ್ತು.

"ಇನ್ನೂ ಬಾಳ ಐತಿ, ಆದ್ರ ಸುರು ಅಂತೂ ಆತು," ಎಂದು ಅವನು ಬೆವರು ಒರೆಸಿಕೊಂಡ.

ಅಹಮದಸಾಬ ಕಾನಸನ್ನು ಮೆಲ್ಲಗೆ ಕಸಿದುಕೊಂಡು ದೂರ ಇಟ್ಟ. ತ್ರ್ಯಂಬಕ ತಲೆಯ ಮೇಲೆ ಕೈ ಹೊತ್ತು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತ. ಅವನ ಕಣ್ಣ ಮುಂದೆ ಉಪ್ಪಿಟ್ಟಿನ ತಾಟು, ಅದರ ಹಿಂದೆ ಕೈಮುಗಿದು ನಿಂತ ರಮಾಕಾಂತರಾಯರು ಕಾಣತೊಡಗಿದರು. ಆಗ ಅಹಮದಸಾಬ ಗಂಟಲು ಸರಿಮಾಡಿಕೊಂಡು ಹೇಳಿದ.

"ಯಜ್ಞೇಶ್ವರ ಮಾಸ್ತರ ಗಾಡಿ ನಿಮ್ಮದ ಕಂಪನಿ, ನಿಮ್ಮದ ಇಸವಿ. ಅದರ ಟಾಯರ್ ನೋಡೀರೇನು? ನಡುವ ರೊಟ್ಟಿ ತಟ್ಟಿದಂಗ ಸಪಾಟ. ಅಂಚಿನ್ಯಾಗ ಕಂಪನ್ಯಾಗ ಹುಟ್ಟಿದಾಗಿನ ರಬ್ಬರಿನ ಕೂದಲ ಇನ್ನೂ ಹಂಗ ಅದಾವು. ಗಾಲಿ ಸಮೇತ ಅದಲಿ ಬದಲಿ ಮಾಡೋಣ. ಒಂದ ತಾಸಿನ ಕೆಲಸ."

ತ್ರ್ಯಂಬಕ ಎದ್ದು ಅವನನ್ನು ಅಪ್ಪಿಕೊಂಡ. ಅಂಗಿಗೆ ಗ್ರೀಸು ಹತ್ತಿದ್ದು ಆಮೇಲೆ ಗೊತ್ತಾಯಿತು.

ಯಜ್ಞೇಶ್ವರ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮೂವತ್ತು ವರ್ಷದ ಬ್ರಹ್ಮಚಾರಿ, ತ್ರ್ಯಂಬಕನ ಬಾಲ್ಯದ ಗೆಳೆಯ, ಎರಡು ಓಣಿ ಆಚೆ ಮನೆ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಗಂಟೆಗೆ ಹದಿನೈದು ಮೈಲಿನಂತೆ ಹೋಗಿ, ಹದಿನೈದು ಮೈಲಿನಂತೆ ಬರುತ್ತಿದ್ದ. ತಿರುವು ಬಂದರೆ ಇಳಿದು ತಳ್ಳಿಕೊಂಡು ಹೋಗುತ್ತಾನೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳಲ್ಲ. ಒಮ್ಮೆ ಶಿರಸಿಗೆ ಬಸ್ಸಿನಲ್ಲಿ ಹೋದವನು ವಾಂತಿ ಮಾಡುತ್ತ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ಇದ್ದ. ಲಜ್ಜೆಯ ಮನುಷ್ಯ. ಎರಡು ಕಡೆ ಕನ್ಯೆ ನೋಡಲು ಹೋಗಿ, ನೆಲ ನೋಡಿಕೊಂಡು ಬಂದಿದ್ದ.

ವಿಷಯ ಕೇಳಿ ಅವನು ಕಣ್ಣಿನ ಚಾಳೀಸು ತೆಗೆದು ಒರೆಸಿಕೊಂಡ.

"ಇದು ಮೋಸ ಆಗಂಗಿಲ್ಲೇನೋ?"

"ಮೋಸ ಹೆಂಗ? ಟಾಯರಿಗೆ ಟಾಯರ್ ಕೊಟ್ಟೇನಿ. ನಾಳೆ ಹೊಳ್ಳಿ ತಗೋ. ಅಂಬಾಬಾಯಿ ಅತ್ತಿಗೆ ನನ್ನ ಗಾಡಿ ಅಂಜಿಕಿ, ನೀ ಆಕೀನ ಕೂಡಿಸಿಕೊಂಡ ಬಾ. ಶಿರಾ ಉಪ್ಪಿಟ್ಟು ತಿನ್ನಾಕಂತ ಬಾ."

"ನನ್ನ ಗಾಡಿ ಟಾಯರ್ ನೋಡಿ ಅವರು ಏನರೆ ಕೇಳಿದ್ರ?"

ತ್ರ್ಯಂಬಕ ಇದನ್ನು ಯೋಚಿಸಿರಲಿಲ್ಲ. ಸುಳ್ಳು ಹೇಳುವುದು ಯಜ್ಞೇಶ್ವರನಿಗೆ ಬರುತ್ತಿರಲಿಲ್ಲ, ನಿಜ ಹೇಳಿಬಿಟ್ಟರೆ ಎಲ್ಲ ಮುಗಿಯಿತು.

"ಟಾಯರ್ ಸುದ್ದಿ ಬಂದ್ರ ಬಾಯಿ ಬಿಡಬ್ಯಾಡ. ಸುಮ್ನ ನಗು."

"ಎಷ್ಟು ನಗಲಿ?"

"ಹಲ್ಲು ಕಾಣದಷ್ಟು. ಸರಸ್ವತೀ ಆಣಿ ಮಾಡು."

ಯಜ್ಞೇಶ್ವರ ಕಂಪಾಸ ಪೆಟ್ಟಿಗೆ ಮುಟ್ಟಿ ಆಣೆ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಗಾಲಿಗಳು ಬದಲಾದವು. ಗುರುಶಿದ್ದಪ್ಪ ತಾನೂ ಮಡಿಕೆ ಧೋತರ ಉಟ್ಟು ಬರುತ್ತೇನೆಂದು ಹೊರಟಿದ್ದ. ಅಹಮದಸಾಬ ಅವನನ್ನು ಚಹಾ ಕುಡಿಸುತ್ತೇನೆಂದು ಅಂಗಡಿಯಲ್ಲೇ ಹಿಡಿದು ಕೂಡಿಸಿದ. ಆ ಉಪಕಾರವನ್ನು ತ್ರ್ಯಂಬಕ ಇಂದಿಗೂ ನೆನೆಯುತ್ತಾನೆ.

ಮೂರು ಗಂಟೆಗೆ ಎರಡು ಗಾಡಿಗಳು ಹೊರಟವು. ಮುಂದೆ ಯಜ್ಞೇಶ್ವರ, ಅವನ ಹಿಂದೆ ಪೀತಾಂಬರ ಉಟ್ಟು ರಾಮನಾಮ ಹೇಳುತ್ತ ಅಂಬಾಬಾಯಿ. ಹಿಂದೆ ತ್ರ್ಯಂಬಕ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ. ಉಣಕಲ್ಲಿನ ಕೆರೆಯ ಹತ್ತಿರ ರಸ್ತೆ ಸ್ವಲ್ಪ ಬಾಗುತ್ತದೆ. ತ್ರ್ಯಂಬಕ ಅಭ್ಯಾಸದಂತೆ ಮೈ ಒರಗಿಸಿದ. ಆದರೆ ಟಾಯರಿಗೆ ಒರಗಿ ಗೊತ್ತಿರಲಿಲ್ಲ. ಹತ್ತು ಸಾವಿರ ಮೈಲು ನೆಟ್ಟಗೆ ನಡೆದ ಆ ಸಪಾಟು ಟಾಯರು ರಸ್ತೆ ಬಾಗಿದರೂ ತಾನು ಬಾಗದೆ ನೆಟ್ಟಗೇ ಹೋಗಿ, ಎಮ್ಮೆಗಳು ಮಲಗಿದ್ದ ಕೆಸರಿನಲ್ಲಿ ನಿಂತಿತು. ಎಮ್ಮೆಗಳು ಸರಿದು ಜಾಗ ಕೊಟ್ಟವು. ಬಲಗಾಲಿನ ಪ್ಯಾಂಟು ಮೊಣಕಾಲಿನವರೆಗೆ ಕರಿದಾಯಿತು. ಕೆರೆಯ ನೀರಿನಲ್ಲಿ ತೊಳೆದುಕೊಂಡು, ಅಲ್ಲಿಂದ ಮುಂದೆ ಅವನೂ ಹದಿನೈದು ಮೈಲಿನಂತೆ ಹೋದ.

ಮಾಳಮಡ್ಡಿಯ ಮನೆಯ ಗೇಟಿನಲ್ಲಿ ರಮಾಕಾಂತರಾಯರು ಕರಿಟೊಪ್ಪಿಗೆ, ಮುಚ್ಚುಗೊರಳಿನ ಕೋಟು ಹಾಕಿಕೊಂಡು ನಿಂತಿದ್ದರು. ಅವರ ಕೈ ಅತಿಥಿಗಳಿಗೆ ನಮಸ್ಕಾರ ಮಾಡಿತು, ಕಣ್ಣು ಗಾಲಿಯ ಕಡೆ ಹೋಯಿತು.

"ಇದು ವರನ ಗಾಡಿ ಅಲ್ಲೇನ್ರಿ?" ಎನ್ನುತ್ತ ತ್ರ್ಯಂಬಕನ ಗಾಡಿಯ ಹಿಂದೆ ಕುಳಿತೇಬಿಟ್ಟರು. ಹೆಬ್ಬೆರಳಿನಿಂದ ನಡು ಸವರಿದರು, ತೋರುಬೆರಳಿನಿಂದ ಅಂಚು ಮುಟ್ಟಿದರು, ಗಾಲಿಯನ್ನು ಒಂದು ಸುತ್ತು ತಿರುಗಿಸಿದರು.

"ಹತ್ತು ಸಾವಿರ ಮೈಲಿನ ಮ್ಯಾಲೆ ಆಗ್ಯಾವ. ಎಲ್ಲಾ ಒಂದೇ ರಸ್ತಾ. ಮುಂಜಾನೆ ಹೋದದ್ದು, ಸಂಜೀಕೆ ಬಂದದ್ದು. ಮಳಿ ಬಂದ್ರ ಗಾಡಿ ಹೊರಗ ತಗದೇ ಇಲ್ಲ. ಎಮ್ಮಿ ಅಡ್ಡ ನಿಂತ್ರ, ಅದು ಹೋಗೋತನಕ ಹಾರ್ನ್ ಸುದ್ದಾ ಹೊಡೀದ ಕಾದದ್ದು. ಹೌದಲ್ರಿ?"

ಪಕ್ಕದಲ್ಲಿ ನಿಂತ ಯಜ್ಞೇಶ್ವರ ಬೆಚ್ಚಿ ಬಿದ್ದ. ಅಕ್ಷರ ಅಕ್ಷರವೂ ಅವನದೇ ಜೀವನಚರಿತ್ರೆ. ತ್ರ್ಯಂಬಕನಿಗೆ ಆನಂದ ತಡೆಯದಾಯಿತು. ಕೆಲಸ ಕೆಟ್ಟದ್ದೇ ಅಲ್ಲಿ.

"ಹೌದ್ರಿ. ಕಲಘಟಗಿ ದಾಟಿ ಗೊತ್ತಿಲ್ರಿ ನನಗ. ಘಟ್ಟ ಅಂದ್ರ ತಲಿ ತಿರಗ್ತದ."

"ಐತವಾರ ಬಂದ್ರ ವಿಷ್ಣು ಸಹಸ್ರನಾಮ ಬಿಟ್ಟು ಏಳಂಗಿಲ್ರಿ ನಮ್ಮ ಹುಡುಗ," ಎಂದು ಅಂಬಾಬಾಯಿ ತನ್ನ ಕಡೆಯದೊಂದನ್ನು ಸೇರಿಸಿದಳು.

"ಹಂ," ಎಂದರು ರಾಯರು. ಆ ಒಂದಕ್ಷರದಲ್ಲಿ ಒಪ್ಪಿಗೆ ಇದೆಯೋ ಇಲ್ಲವೋ ತಿಳಿಯಲಿಲ್ಲ.

ಒಳಗೆ ಶಿರಾ, ಉಪ್ಪಿಟ್ಟು ಬಂದವು. ತಂದವಳು ಸುಲಭಾ. ಎಲೆ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ತ್ರ್ಯಂಬಕನ ತಾಟನ್ನು ಕೊಡುವಾಗ ಆಕೆ ಮುಖ ಎತ್ತಿ ನೋಡಿದಳು, ಗುರುತು ಹಿಡಿದಳು, ತುಟಿಯಲ್ಲಿ ನಗು ಬಂದು ನಿಂತಿತು. ತ್ರ್ಯಂಬಕನಿಗೆ ಸ್ವರ್ಗ ಎರಡು ಬೆರಳು ಉಳಿದಿತ್ತು.

ಅಷ್ಟರಲ್ಲಿ ರಾಯರು ಕೈ ತೊಳೆಯಲು ಎಂದು ಹೊರಗೆ ಹೋದವರು ಒಳಗೆ ಬರಲಿಲ್ಲ. ಹಳೆಯ ಚಟ ಸುಮ್ಮನೆ ಬಿಡುವುದಿಲ್ಲ. ಎರಡನೆಯ ಗಾಡಿಯ ಹತ್ತಿರ ಕುಳಿತಿದ್ದರು. ಅಲ್ಲಿಂದ ಅವರ ಧ್ವನಿ ಬಂತು.

"ಸುಲಭಾ, ಬಾ ಇಲ್ಲೆ. ಲಗೂನ ಬಾ."

ಸುಲಭಾ ಹೋದಳು. ಎಲ್ಲರೂ ತಾಟು ಹಿಡಿದುಕೊಂಡೇ ಹಿಂದೆ ಹೋದರು. ರಾಯರ ಮುಖ ಹಳೆಯ ಗೆಳೆಯ ಸಿಕ್ಕವರ ಹಾಗೆ ಅರಳಿತ್ತು.

"ನೋಡು, ಎಡಕ್ಕೂ ಅಷ್ಟ, ಬಲಕ್ಕೂ ಅಷ್ಟ. ಒಂದ ಕಡೆ ಧೈರ್ಯಾ ಮಾಡಿ ಇನ್ನೊಂದ ಕಡೆ ಅಂಜಿದಾಂವ ಅಲ್ಲ. ಇದು ಅರಬೈಲ್. ಹನ್ನೆರಡು ವರ್ಷ ಯಲ್ಲಾಪುರದ ತಪಾಸಣಿ ನಾಕಾದಾಗ ಕೂತು ಆ ಘಟ್ಟ ಹತ್ತಿ ಬಂದ ಟಾಯರ್ ನೋಡೇನಿ, ನನಗ ತಪ್ಪಂಗಿಲ್ಲ." ಆಮೇಲೆ ಗುರುಶಿದ್ದಪ್ಪ ಕಾನಸಿನಿಂದ ಕೆರೆದ ಗಾಯದ ಮೇಲೆ ಅವರ ಬೆರಳು ನಿಂತಿತು. ಧ್ವನಿ ತಗ್ಗಿತು. "ಇದನ್ನ ನೋಡು. ಒಮ್ಮಿಂದೊಮ್ಮೆಲೆ ಬ್ರೇಕ್ ಹಾಕ್ಯಾರ. ತಿರುವಿನ್ಯಾಗ ಯಾರೋ ಅಡ್ಡ ಬಂದಾರ. ತಮ್ಮ ಟಾಯರ್ ಹಾಳ ಮಾಡಿಕೊಂಡು ಒಂದು ಜೀವ ಉಳಿಸ್ಯಾರ. ಮಾಸ್ತರ, ಯಾರ್ರಿ ಅವರು, ಮುದುಕರೋ, ಹುಡುಗರೋ?"

ಯಜ್ಞೇಶ್ವರ ಹಲ್ಲು ಕಾಣದಷ್ಟು ನಕ್ಕ.

"ಹೇಳಿಕೊಳ್ಳೋ ಸ್ವಭಾವ ಅಲ್ಲ," ಎಂದು ರಾಯರು ಮಗಳಿಗೆ ಹೇಳಿದರು.

ಸುಲಭಾ ತಾನೇ ಬಗ್ಗಿ ಅಂಚನ್ನು ಮುಟ್ಟಿ ನೋಡಿದಳು. ಯಜ್ಞೇಶ್ವರನ ಕಡೆ ತಿರುಗಿ, ನಾಚಿಕೆ ಇಲ್ಲದೆ ಕೇಳಿದಳು.

"ಅರಬೈಲಿನ್ಯಾಗ ನಿಮಗ ಯಾವ ತಿರುವು ಭಾಳ ಸೇರ್ತದ್ರಿ?"

ಯಜ್ಞೇಶ್ವರ ಮತ್ತೆ ನಕ್ಕ. ಈ ಸಲ ಕಿವಿ ಕೆಂಪಾಗಿದ್ದವು. ಉತ್ತರ ಇದ್ದದ್ದು ತ್ರ್ಯಂಬಕನ ಹತ್ತಿರ. ಎಷ್ಟೋ ಭಾನುವಾರಗಳ ಉತ್ತರ. ಅದು ಅವನನ್ನು ಕೇಳದೆಯೇ ಹೊರಗೆ ಬಂತು.

"ಏಳನೇದು. ಅಲ್ಲೆ ಹೊಳ್ಳಿದಕೂಡ್ಲೆ ಕಣಿವಿ ಪೂರಾ ಒಮ್ಮೆಲೆ ಕಾಣಸ್ತದ. ಎದಿ ಝಲ್ ಅಂತದ."

ಸುಲಭಾ ಗಕ್ಕನೆ ಇವನ ಕಡೆ ತಿರುಗಿದಳು. ಕಣ್ಣಿನಲ್ಲಿ ದೀಪ ಹಚ್ಚಿದಂತಾಗಿತ್ತು.

"ನನಗೂ ಅದ. ಆದ್ರ ನಿಮಗ ಹೆಂಗ ಗೊತ್ತು? ಈಗರೆ ಕಲಘಟಗಿ ದಾಟಿಲ್ಲ ಅಂದ್ರಿ."

ದೇವರು ಬಾಗಿಲು ತೆರೆದಿಟ್ಟಿದ್ದ. ಬಾಯಿ ಬಿಟ್ಟು ನಿಜ ಹೇಳಿದ್ದರೆ ಆಗಿತ್ತು. ತ್ರ್ಯಂಬಕ ರಾಯರ ಮುಖ ನೋಡಿದ, ಅಂಬಾಬಾಯಿಯ ಮುಖ ನೋಡಿದ, ಮುಂಜಾನೆಯಿಂದ ಪಟ್ಟ ಕಷ್ಟ ನೆನೆದ, ಎರಡೂ ಕೈಯಿಂದ ಬಾಗಿಲು ಮುಚ್ಚಿದ.

"ಯಜ್ಞೇಶ್ವರ ಹೇಳ್ತಿರ್ತಾನ್ರಿ."

ದೀಪ ಅಲ್ಲಿಂದ ಯಜ್ಞೇಶ್ವರನ ಕಡೆ ಹೊರಳಿತು. "ಎಷ್ಟು ಛಂದ ಹೇಳ್ಯಾರ," ಎಂದಳು ಸುಲಭಾ. ಆಮೇಲೆ ಅಂಬಾಬಾಯಿಯ ಕಡೆ ತಿರುಗಿ ಮೆತ್ತಗೆ ಅಂದಳು, "ಸಿಟ್ಟಾಗಬ್ಯಾಡ್ರಿ. ನಾ ಬೆಳದದ್ದು ಯಲ್ಲಾಪುರದಾಗ, ನಮ್ಮ ಅಜ್ಜಿ ಇರೋದು ಆ ಘಟ್ಟ ಇಳದು ಕಾರವಾರದಾಗ. ಮದಲ ಬಂದ ಇಬ್ಬರದೂ ಹಿಂಗ ನಡುವ ಸವದ ಟಾಯರ್. ಕಾರವಾರಕ್ಕ ಹೋಗೋಣೇನ್ರಿ ಅಂದ್ರ, ಬಸ್ಸಿಗೆ ಹಚ್ಚಿ ಕಳಸ್ತೇನಿ ಅಂದ್ರು. ಜನ್ಮಾ ಪೂರಾ ಒಂದೇ ರಸ್ತಾದ ಮ್ಯಾಲೆ ನನ್ನ ಕಡಿಂದ ನಡಿಯೂದಾಗಂಗಿಲ್ಲ. ಅದಕ್ಕ ಅಪ್ಪಗ ಟಾಯರ್ ನೋಡ್ರಿ ಅಂತ ನಾನ ಹೇಳೇನಿ."

ತ್ರ್ಯಂಬಕ ತಾಟನ್ನು ಗಾಡಿಯ ಸೀಟಿನ ಮೇಲಿಟ್ಟು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟ. ಆ ಟಾಯರ್ ತನ್ನದು, ಘಟ್ಟ ತನ್ನದು, ಏಳನೆಯ ತಿರುವು ತನ್ನದು, ಗಾಯ ಗುರುಶಿದ್ದಪ್ಪನದು.

ರಾಯರು ಶಾಂತವಾಗಿ ಕೇಳಿದರು. "ಯಾಕ್ರಿ ಬಾಯಾರ, ಖರೇ ಏನು?"

ಅಂಬಾಬಾಯಿಗೆ ಇಕ್ಕಟ್ಟಾಯಿತು. ಹೌದು ಎಂದರೆ ವಿಷ್ಣು ಸಹಸ್ರನಾಮ ಸುಳ್ಳಾಗುತ್ತದೆ, ತಾನು ಮಾಡಿಸುವ ಸಂಬಂಧಗಳನ್ನು ಮುಂದೆ ಧಾರವಾಡದಲ್ಲಿ ಯಾರೂ ನಂಬುವುದಿಲ್ಲ.

"ಬಿಸಲಾಗ ಬಂದದಲ್ರಿ, ಏನೋ ಮಾತಾಡ್ತದ," ಎಂದಳು.

"ಮಾಸ್ತರ, ಈ ಟಾಯರ್ ನಿಮ್ಮದಲ್ಲಂತ. ಹೌದೇನ್ರಿ?"

ಯಜ್ಞೇಶ್ವರ ತ್ರ್ಯಂಬಕನನ್ನು ನೋಡಿದ. ಸುಲಭಾಳನ್ನು ನೋಡಿದ. ಸುಲಭಾ ಅವನನ್ನೇ ನೋಡಿ ನಗುತ್ತಿದ್ದಳು. ಆಯುಷ್ಯದಲ್ಲಿ ಮೊದಲ ಸಲ ಅವನು ನೆಲ ನೋಡಲಿಲ್ಲ. ಪ್ರಶ್ನೆ ಟಾಯರಿಗೆ ಸಂಬಂಧಪಟ್ಟಿತ್ತು. ಆಣೆ ಸರಸ್ವತಿಯದಾಗಿತ್ತು. ನಕ್ಕ.

"ಹೋಗಲಿ, ಈಗ ತೋರಸ್ರಿ," ಎಂದರು ರಾಯರು ತ್ರ್ಯಂಬಕನಿಗೆ. "ಆ ಮೂಲಿ ತನಕ ಹೋಗಿ, ಘಟ್ಟದಾಗ ಹೊಳ್ಳಿಸಿದಂಗ ಹೊಳ್ಳಿಸಿಕೊಂಡು ಬರ್ರಿ."

ತ್ರ್ಯಂಬಕ ಹುಮ್ಮಸ್ಸಿನಿಂದ ಗಾಡಿ ಏರಿದ. ಮೂಲೆಯವರೆಗೆ ಬಾಣದಂತೆ ಹೋದ. ಒರಗಬೇಕು ಎನ್ನುವಷ್ಟರಲ್ಲಿ ಉಣಕಲ್ಲಿನ ಎಮ್ಮೆಗಳು ಕಣ್ಣ ಮುಂದೆ ಬಂದವು. ಈ ಟಾಯರು ಒರಗುವುದಿಲ್ಲ, ಎದುರಿಗೆ ತೆರೆದ ಬಾವಿಯ ಕಟ್ಟೆ ಇದೆ. ಎರಡೂ ಕಾಲು ನೆಲಕ್ಕೆ ಊರಿ, ಕುಂಟುತ್ತ ಕುಂಟುತ್ತ, ಕಟ್ಟೆ ಹಿಡಿದು ನಡೆವ ಮುದುಕಿಯ ಹಾಗೆ ಗಾಡಿ ತಿರುಗಿಸಿಕೊಂಡು ಬಂದ. ಅರಬೈಲಿನ ಹುಲಿ ಮಾಳಮಡ್ಡಿಯ ಮೂಲೆಯಲ್ಲಿ ಬೆಕ್ಕಾಗಿತ್ತು.

ರಾಯರು ಕೈಮುಗಿದರು. "ನೀವು ಸಜ್ಜನರು. ಆದ್ರ ಇನ್ನೊಬ್ಬರ ಟಾಯರ್ ನಂದು ಅನಬಾರದ್ರಿ." ನಂತರ ಯಜ್ಞೇಶ್ವರನ ಹೆಗಲ ಮೇಲೆ ಕೈ ಇಟ್ಟು ಕೇಳಿದರು, "ಮಾಸ್ತರ, ನಿಮ್ಮದು ಗೋತ್ರ ಯಾವದು?"

ಇದಕ್ಕೆ ಯಜ್ಞೇಶ್ವರ ತಡವರಿಸದೆ ಉತ್ತರ ಕೊಟ್ಟ. ಗೋತ್ರದ ಬಗ್ಗೆ ಆಣೆ ಇರಲಿಲ್ಲ.

ಮಾಸ್ತರರನ್ನು ಊಟಕ್ಕೆ ನಿಲ್ಲಿಸಿಕೊಂಡರು. ಅಂಬಾಬಾಯಿ ತ್ರ್ಯಂಬಕನ ಗಾಡಿಯ ಹಿಂದೆ ಹತ್ತಿ ಕೂತಳು, ಇನ್ನು ಈ ಗಾಡಿಗೆ ಹೆದರುವಂಥದ್ದೇನೂ ಉಳಿದಿಲ್ಲವೆಂದು ಆಕೆಗೂ ಖಾತ್ರಿಯಾಗಿತ್ತು. ಯಜ್ಞೇಶ್ವರ ಗೇಟಿನವರೆಗೆ ಕಳಿಸಲು ಬಂದ. ಆಗಲೇ ಅಳಿಯನ ಹಾಗೆ ಕೈ ಹಿಂದೆ ಕಟ್ಟಿಕೊಂಡಿದ್ದ. ಮುಖದಲ್ಲಿ ಸಂತೋಷ, ಸಂಕೋಚ, ಭಯ ಮೂರೂ ಕೂಡಿಕೊಂಡು ಕುಣಿಯುತ್ತಿದ್ದವು.

"ಸಿಟ್ಟಾಗಬ್ಯಾಡೋ ತ್ರ್ಯಂಬಕ. ಆಣಿ ಮಾಡಿಸಿದಾಂವ ನೀನ. ನಾ ಏನ ಮಾಡ್ಲಿ, ಆಕಿ ನನ್ನ ನೋಡಿ ನಕ್ಕಳು. ನನ್ನ ನೋಡಿ ಇಲ್ಲೀತನಕ ಯಾರೂ ನಕ್ಕಿದ್ದಿಲ್ಲ."

ತ್ರ್ಯಂಬಕನಿಗೆ ಅವನನ್ನು ಹೊಡೆಯಬೇಕೆನಿಸಿತು. ಎದುರಿಗೆ ನೋಡಿದರೆ ಹೊಡೆಯುವಂಥ ಮುಖ ಅದಾಗಿರಲಿಲ್ಲ. ನೋವಿತ್ತು, ಒಪ್ಪಿಕೊಳ್ಳಬೇಕು. ಗೆಳೆಯನ ಆ ಮುಖ ನೋಡಿ ಅರ್ಧ ನಗುವೂ ಬಂತು.

"ನನ್ನ ಟಾಯರ್ ನಾಳೆ ಕೊಡು," ಎಂದ.

"ಅದರದ ಒಂದು ಮಾತದ." ಯಜ್ಞೇಶ್ವರ ಹತ್ತಿರ ಬಂದು ಧ್ವನಿ ತಗ್ಗಿಸಿದ. "ಲಗ್ನ ಆದಮ್ಯಾಲೂ ತಿಂಗಳಿಗೊಮ್ಮಿ ಟಾಯರ್ ನೋಡ್ತೇನಿ ಅಂದಾರ ಮಾವನವರು. ಈ ಟಾಯರ್ ಇನ್ನ ಎಷ್ಟ ಬರ್ತದ?"

"ಎಂಟನೂರು ಮೈಲು."

"ಆಮ್ಯಾಲೆ ಹೊಸಾದು ಹಾಕಸಬೇಕು. ಅದರ ಅಂಚು ಸವೀಬೇಕು. ನನ್ನ ಕಡಿಂದ ಆಗೋ ಕೆಲಸ ಅಲ್ಲ ಅದು." ಯಜ್ಞೇಶ್ವರ ಗಣಿತ ಬಿಡಿಸುವವನ ಹಾಗೆ ಬೆರಳು ಎಣಿಸಿದ. "ನೀ ಹೆಂಗೂ ಐತವಾರಕ್ಕೊಮ್ಮೆ ಘಟ್ಟಕ್ಕ ಹೋಗಾಂವ. ಒಂದ ವಾರ ನಿನ್ನ ಗಾಡಿ ಒಯ್ಯಿ, ಒಂದ ವಾರ ನಂದ ಒಯ್ಯಿ. ಎರಡೂ ಅಂಚು ಸಮಾ ಸವಸಿಕೊಂಡ ಬಾ."

"ಆಕಿ ಕಾರವಾರಕ್ಕ ಕರಕೊಂಡ ಹೋಗು ಅಂದ್ರ?"

"ಪರೀಕ್ಷಾ ಪೇಪರ್ ಅವ ಅಂತೇನಿ. ಮಾಸ್ತರಿಕಿ ಅಂದಮ್ಯಾಲೆ ವರ್ಷ ಪೂರಾ ಪೇಪರ್ ಇರ್ತಾವ."

ಹಿಂದಿನ ಸೀಟಿನಿಂದ ಅಂಬಾಬಾಯಿ ದೀಪ ಹಚ್ಚುವ ಹೊತ್ತಾಯಿತೆಂದು ನೆನಪಿಸಿದಳು. ತ್ರ್ಯಂಬಕ ಒಂದು ಒದೆ ಒದ್ದು ಗಾಡಿ ಶುರು ಮಾಡಿದ, ಗೇರು ಹಾಕಿದ, ನಂತರ ಗೆಳೆಯನ ಕಡೆ ಕತ್ತು ಚಾಚಿ ಕೇಳಿದ.

"ಪೆಟ್ರೋಲ್ ಯಾರದು?"